ಡ್ರಿಲ್ ಅಕ್ಕೋರು ಕಲಿಸಿದ ಬಾಸ್ಕೆಟ್‌ಬಾಲ್

ಹೋದ ವಾರ ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಸೊಸೆ ಬಳೆ ನೋಡುತ್ತ ನಿಂತಳು. ನನಗೆ ನಿಂತು ನಿಂತು ಕಾಲು ಸೋತು ಬಂತು. ಪಕ್ಕದ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತೆ. ಒಳಗೊಬ್ಬ ಮುದುಕ ಒಣಗಿದ ಚರ್ಮದ ಪಟ್ಟಿಯೊಂದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದ. ಚರ್ಮ ಮತ್ತು ಹರಳೆಣ್ಣೆ ಕೂಡಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ. ಸೊಸೆ ಬಂದು, ಅತ್ತಿ, ಯಾಕ ಮಾರಿ ಹಂಗ ಮಾಡೀರಿ ಎಂದು ಕೇಳಿದಳು. ಏನಿಲ್ಲ ಎಂದೆ. ಹೇಳಲಿಕ್ಕೆ ಹೋದರೆ ಬಳೆ ಅಂಗಡಿಯ ಮುಂದೆ ಮುಗಿಯುವ ಮಾತಲ್ಲ ಅದು...

ಆ ವಾಸನೆ ನಮ್ಮ ಡ್ರಿಲ್ ಅಕ್ಕೋರ ಚೆಂಡಿನದು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಿದ್ದೆವು. ಗಣಿತದ ಅಕ್ಕೋರು, ಹೊಲಿಗೆಯ ಅಕ್ಕೋರು, ಎಲ್ಲರಿಗಿಂತ ಮೇಲೆ ದೊಡ್ಡಕ್ಕೋರು. ನಾನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಸರು ಹಚ್ಚಿದ ವರ್ಷವೇ ಇವರೂ ಬಂದರು. ಎರಡನೆಯ ಮಹಾಯುದ್ಧದ ಲಡಾಯಿ ನಡೆದಿದ್ದ ಕಾಲ. ಸಕ್ಕರೆಗೆ, ಸೀಮೆಎಣ್ಣೆಗೆ ಪಾಳಿ ಹಚ್ಚುತ್ತಿದ್ದ ದಿನಗಳು. ಇವರು ಮದ್ರಾಸಿನ ತನಕ ಹೋಗಿ ಅಂಗಸಾಧನೆ ಕಲಿತು ಬಂದವರಂತೆ ಎಂದು ಮೊದಲ ದಿನವೇ ಸುದ್ದಿಯಾಯಿತು. ಮೂವತ್ತರ ಆಸುಪಾಸಿನ ವಯಸ್ಸು, ಸಾದಗಪ್ಪು ಮೈಬಣ್ಣ, ನೆಟ್ಟಗಿನ ಬೆನ್ನು. ಹಣೆಯಲ್ಲಿ ಸಣ್ಣ ಕುಂಕುಮವಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಮದುವೆ ಆಗಿರಲಿಲ್ಲವೋ, ಆಗಿ ಏನಾದರೂ ಆಗಿತ್ತೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ಇಳಿದರೆಂದರೆ, ಹೊಲಿಗೆಯ ಅಕ್ಕೋರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಸಾಲಿಯ ಹಿಂದೆ ಜಾಲಿ ಬೆಳೆದಿದ್ದ ಒಂದು ಪಾಳು ಜಾಗವಿತ್ತು. ಅದನ್ನು ನಮ್ಮ ಕೈಯಿಂದಲೇ ಕಡಿಸಿ, ಗರಸು ಮಣ್ಣು ಹಾಕಿಸಿ, ನೀರು ಹೊಡೆಸಿ ಬಡಿಸಿದರು. ಎರಡು ಕಡೆ ಕಂಬ ನಿಂತವು. ಕಮ್ಮಾರನಿಂದ ಕಬ್ಬಿಣದ ಬಳೆ ಮಾಡಿಸಿ ಕಂಬಕ್ಕೆ ಬಡಿಸಿದಾಗ, ನಾವು ಅದು ಹೂವಿನ ಬಳ್ಳಿ ಹಬ್ಬಿಸಲಿಕ್ಕೆ ಇರಬೇಕೆಂದುಕೊಂಡಿದ್ದೆವು. ಮರುದಿನ ಅಕ್ಕೋರು ಮದ್ರಾಸಿನಿಂದ ತಂದಿದ್ದ ಚೆಂಡು ಹಿಡಿದುಕೊಂಡು ಬಂದರು. ಕುಂಬಳಕಾಯಿಯಷ್ಟು ದಪ್ಪ, ಕಂದು ಬಣ್ಣ, ಚೀಲದ ಬಾಯಿಯ ಹಾಗೆ ಒಂದು ಕಡೆ ದಾರ ಹೆಣೆದದ್ದು. ಒಳಗೆ ಗಾಳಿ ತುಂಬುವ ರಬ್ಬರಿನ ಬುರುಡೆ. ಬಿಸಿಲಿಗೆ ಚರ್ಮ ಸೀಳಬಾರದೆಂದು ವಾರಕ್ಕೊಮ್ಮೆ ಹರಳೆಣ್ಣೆ ತಿಕ್ಕುತ್ತಿದ್ದರು. ಅಂದು ನಿಂತಲ್ಲಿಂದಲೇ, ಹೆಚ್ಚು ನೋಡದೆ, ಕೈ ಎತ್ತಿ ಒಗೆದರು. ಚೆಂಡು ಬಳೆಯ ಅಂಚಿಗೂ ತಾಗದೆ ಒಳಗೆ ಇಳಿದು ಕೆಳಗೆ ಬಂತು. ನಾವು ಚಪ್ಪಾಳೆ ಹೊಡೆದೆವು.

"ಚಪ್ಪಾಳಿ ಸಾಕು. ಮೊದಲ ನಿಲ್ಲೂದು ಕಲೀರಿ" ಅಂದರು.

ನಿಲ್ಲುವುದನ್ನೇ ಒಂದು ತಿಂಗಳು ಕಲಿಸಿದರೆಂದರೆ ಈಗಿನವರು ನಗಬಹುದು. ನಮಗೆ ನಿಲ್ಲಲಿಕ್ಕೆ ಬರುತ್ತಿರಲಿಲ್ಲ ಎನ್ನುವುದೇ ಖರೆ. ತಲೆ ತಗ್ಗಿಸಿ, ಹೆಗಲು ಮುದುಡಿ, ಎದೆ ಒಳಗೆ ಎಳೆದುಕೊಂಡು ನಿಲ್ಲುವುದೇ ಮರ್ಯಾದೆ ಎಂದು ಮನೆಯಲ್ಲಿ ಕಲಿತು ಬಂದವರು ನಾವು. ಅಕ್ಕೋರು ಒಬ್ಬೊಬ್ಬರ ಗದ್ದದ ಕೆಳಗೆ ಬೆರಳು ಕೊಟ್ಟು ಮುಖ ಎತ್ತುತ್ತಿದ್ದರು. "ನೆಲಾ ಏನ ನೋಡ್ತೀರೇ? ನೆಲಾ ಎಲ್ಲಿಗೂ ಓಡಿ ಹೋಗಂಗಿಲ್ಲ. ಮುಂದ ನೋಡ್ರಿ."

ಆಮೇಲೆ ಓಡುತ್ತ ಬಂದು ಒಮ್ಮೆಲೇ ನಿಲ್ಲುವುದು. ಮೊಣಕಾಲು ಮಡಿಸಿ ಮೇಲೆ ಜಿಗಿದು, ಸಪ್ಪಳವಾಗದ ಹಾಗೆ ಇಳಿಯುವುದು. ಒಂದು ಕಾಲು ಊರಿ ಇನ್ನೊಂದು ಕಾಲಿನಿಂದ ಸುತ್ತ ತಿರುಗುವುದು. ಇದು ನನಗೆ ಏನು ಮಾಡಿದರೂ ಬರಲಿಲ್ಲ. ಊರಿದ ಕಾಲೂ ಜಾರಿ ಬಿಡುತ್ತಿತ್ತು. ಅಕ್ಕೋರು ನನ್ನ ಮುಂದೆ ಕೂತು, ನಿಮ್ಮ ಊರು ಯಾವುದು ಎಂದು ಕೇಳಿದರು. ಅಪ್ಪ ದುರ್ಗದಬೈಲಿನಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದರೂ ನಮ್ಮ ಹೊಲಮನೆ ಎಲ್ಲ ಶಿರಗುಪ್ಪಿಯಲ್ಲಿ. ಹಾಗೆಂದೆ.

"ಹಂಗಾದ್ರ ಕಣ ನೋಡಿರ್ತಿ. ನಡುವ ಮೇಟಿ ಇರ್ತದ, ಸುತ್ತ ಎತ್ತು ತಿರಗ್ತಾವ. ಈ ಕಾಲು ಮೇಟಿ, ಈ ಕಾಲು ಎತ್ತು. ಮೇಟಿ ಅಲಗಾಡಿದ್ರ ರಾಶಿ ಹೆಂಗವ್ವಾ ಆಗೂದು?"

ಅಂದೇ ಬಂತು. ಕಣದ ನಡುವೆ ನೆಟ್ಟ ಮರದ ಕಂಬವನ್ನು ನನ್ನ ಎಡಗಾಲಿನಲ್ಲಿ ಕಂಡ ಮೇಲೆ ಮತ್ತೆಂದೂ ಅದು ಜಾರಲಿಲ್ಲ.

ಆಟದ ಜೊತೆಗೇ ಇನ್ನೂ ಏನೇನೋ ನಮ್ಮ ಮೈಗೆ ಹತ್ತಿದವು. ಉಗುರು ಬೆಳೆದವಳು ಚೆಂಡು ಮುಟ್ಟುವ ಹಾಗಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಿನ್ನದೆ ಬಂದವಳು ಓಡುವ ಹಾಗಿರಲಿಲ್ಲ. ತಿಂದಿಲ್ಲವೆಂದು ಗೊತ್ತಾದರೆ ಅಕ್ಕೋರು ತಮ್ಮ ಡಬ್ಬಿಯನ್ನೇ ಬಿಚ್ಚುತ್ತಿದ್ದರು. ಚೆಂಡು ಕೈ ತಪ್ಪಿಸಿದವಳನ್ನು ಬೈಯುವ ಹಾಗಿರಲಿಲ್ಲ. ಯಾರಿಗೆ ಕೊಡುತ್ತೇವೋ ಅವಳ ಹೆಸರು ಕೂಗಿ, ಅವಳ ಕಣ್ಣು ನೋಡಿ ಕೊಡಬೇಕು. ನನ್ನ ಗೆಳತಿ ಜುಲೇಖಾ ನಮ್ಮಲ್ಲೆಲ್ಲ ಚುರುಕಿನವಳು. ಒಮ್ಮೆ ಚೆಂಡು ಸಿಕ್ಕರೆ ಯಾರಿಗೂ ಕೊಡುತ್ತಿರಲಿಲ್ಲ. ಅಕ್ಕೋರು ಅವಳನ್ನು ಗದರಿಸಲಿಲ್ಲ. ಒಂದು ದಿನ ಅವಳೊಬ್ಬಳನ್ನೇ ಒಂದು ಕಡೆ ಬಿಟ್ಟು, ಉಳಿದವರನ್ನೆಲ್ಲ ಎದುರು ನಿಲ್ಲಿಸಿ ಆಡಿಸಿದರು. ಬೆವರು ಇಳಿಸುತ್ತ ಬಂದು ಜುಲೇಖಾ, ತಪ್ಪಾತ್ರಿ ಎಂದಳು. ಆಮೇಲೆ ಅವಳಷ್ಟು ಚೆಂದ ಚೆಂಡು ಹಂಚುವವಳು ನಮ್ಮಲ್ಲಿ ಇನ್ನೊಬ್ಬಳಿರಲಿಲ್ಲ.

ಜುಲೇಖಾಳ ತಂದೆಯದು ಸೈಕಲ್ ಅಂಗಡಿ. ಲಡಾಯಿಯಿಂದಾಗಿ ರಬ್ಬರು ಸಿಗುವುದೇ ನಿಂತಿತ್ತು. ಬುರುಡೆಗೆ ತೂತು ಬಿದ್ದಾಗಲೆಲ್ಲ ನಾವು ಅಲ್ಲಿಗೆ ಓಡುತ್ತಿದ್ದೆವು. ಆತ ಅದನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡಿ ತೇಪೆ ಹಚ್ಚುತ್ತ, "ಇದರಾಗ ಈಗ ಬುರುಡಿಗಿಂತ ತ್ಯಾಪೀನ ಹೆಚ್ಚಾಗೇತಿ. ನಿಮ್ಮ ಅಕ್ಕೋರಿಗೆ ಹೇಳ್ರಿ, ಲಡಾಯಿ ಮುಗಿಯೂತನಾ ಸಾವಕಾಶ ಆಡ್ರಿ ಅಂತ" ಎನ್ನುತ್ತಿದ್ದ. ದೊಡ್ಡವಳಾದ ಮಗಳನ್ನು ಇನ್ನೂ ಸಾಲಿಗೆ ಕಳಿಸುತ್ತಾನೆಂದು ಅವನ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ನಮ್ಮ ಮನೆಯಲ್ಲೂ ಅವ್ವ ಗೊಣಗುತ್ತಿದ್ದಳು. ಆದರೆ ಅಕ್ಕೋರು ಒಂದು ಸಂಜೆ ಮನೆಗೇ ಬಂದು, ಅವ್ವ ಕೊಟ್ಟ ಮಂಡಕ್ಕಿ ತಿಂದು, ಹುಡುಗಿಗೆ ಎದೆ ತುಂಬ ಉಸಿರಾಡಲಿಕ್ಕೆ ಕಲಿಸುತ್ತಿದ್ದೇನೆ ಅಷ್ಟೇ ಎಂದು ಹೇಳಿ ಹೋದ ಮೇಲೆ ಗೊಣಗಾಟ ನಿಂತಿತು.

ಬೀಳುವುದನ್ನೂ ಅವರು ಕಲಿಸಿದ್ದರು. ಕಾಲು ತೊಡರಿದರೆ ಕೈ ಊರಿ ಮಣಿಕಟ್ಟು ಮುರಿದುಕೊಳ್ಳದೆ, ಮೈ ಸಡಿಲ ಬಿಟ್ಟು, ಹೆಗಲಿನ ಮೇಲೆ ಉರುಳಿ ಏಳಬೇಕು. ತಾವೇ ಬಿದ್ದು ತೋರಿಸುತ್ತಿದ್ದರು. ಬಿದ್ದವರು ಎದ್ದು ನಿಂತಾಗ ಸೀರೆಯ ನಿರಿಗೆ ಕೂಡ ಕೆಟ್ಟಿರುತ್ತಿರಲಿಲ್ಲ.

ಆ ವರ್ಷ ದೀಪಾವಳಿಯ ನಂತರ ಧಾರವಾಡದ ಹೆಣ್ಣುಮಕ್ಕಳ ಸಾಲಿಯೊಂದರ ಜೊತೆ ಪಂದ್ಯ ನಿಶ್ಚಯವಾಯಿತು. ಅಲ್ಲಿಯೂ ಆಗಷ್ಟೇ ಬಾಸ್ಕೆಟ್‌ಬಾಲ್ ಶುರುವಾಗಿತ್ತು. ನಾವು ರೈಲಿನಲ್ಲಿ ಧಾರವಾಡಕ್ಕೆ ಹೋಗಿ ಆಡಿ ಸಂಜೆಗೆ ಮರಳುವುದು. ನಮಗೆ ಊಟ ನಿದ್ದೆ ಬೇಡವಾದವು. ಅಕ್ಕೋರು ಬೆಳಿಗ್ಗೆ ನಮ್ಮನ್ನು ಗೋಪನಕೊಪ್ಪದ ಹಾದಿಯಲ್ಲಿ ಓಡಿಸುತ್ತಿದ್ದರು. ಆಗ ಅದು ಊರಾಚೆಯ ಹಳ್ಳಿ. ಎರಡೂ ಕಡೆ ಜೋಳದ ಹೊಲ. ಅಕ್ಕೋರು ಯಾವಾಗಲೂ ಎಲ್ಲರಿಗಿಂತ ಮುಂದೆ ಇರುತ್ತಿದ್ದರು. ಒಂದು ದಿನ ನಮ್ಮ ನಡುವೆ ಬಂದರು. ಇನ್ನೊಂದು ದಿನ ಹಿಂದೆ ಉಳಿದರು. ಹಿಂದೆ ಉಳಿದವರನ್ನು ನೋಡಿಕೊಳ್ಳಲು ಇರಬೇಕು ಎಂದುಕೊಂಡೆವು.

ಮೊದಲು ಗುರುತಿಸಿದವಳು ಜುಲೇಖಾ. "ಅಕ್ಕೋರ ಬಲಗಾಲಿನ ಚಪ್ಪಲಿ ನೋಡೀಯೇನ? ಬರೇ ಮುಂದಿನ ತುದಿ ಸವದೈತಿ" ಎಂದಳು. ಸೈಕಲ್ ಅಂಗಡಿಯವನ ಮಗಳು, ಎಲ್ಲಿ ಏನು ಸವೆಯುತ್ತದೆ ಎನ್ನುವುದು ಅವಳ ಕಣ್ಣಿಗೆ ಬೀಳುತ್ತಿತ್ತು. ನಾನು ಲಕ್ಷ್ಯ ಕೊಡಲಿಲ್ಲ. ಆ ವಾರವೇ ಅಕ್ಕೋರು ಒಗೆದ ಚೆಂಡು ಬಳೆಯನ್ನು ಮುಟ್ಟದೆ ಅರ್ಧ ದಾರಿಯಲ್ಲೇ ಬಿದ್ದಿತು. ಅವರು ತಮ್ಮ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಆಮೇಲೆ ನಕ್ಕು, ಹಂಗ ಒಗೀಬಾರದು ಅಂತ ತೋರಿಸಿದೆ ಎಂದರು. ನಾವೂ ನಕ್ಕೆವು...

ಒಂದು ಶನಿವಾರ ಮುಂಜಾನೆ ಅವರು ನಮಗೆ ಓಡಿ ಬಂದು ನಿಲ್ಲುವುದನ್ನು ತೋರಿಸುತ್ತಿದ್ದರು. ಓಡಿದರು, ನಿಲ್ಲಲಾಗಲಿಲ್ಲ, ಬಿದ್ದರು. ನಾವೆಲ್ಲ ಸಾಲಾಗಿ ನಿಂತು ನೋಡಿದೆವು. ಬೀಳುವ ಪಾಠ ಎಂದುಕೊಂಡೆವು. ಈಗ ಹೆಗಲಿನ ಮೇಲೆ ಉರುಳುತ್ತಾರೆ, ಈಗ ಏಳುತ್ತಾರೆ ಎಂದು ಕಾದೆವು. ಒಬ್ಬಳು ಹಿಂದಿನಿಂದ, ಅಕ್ಕೋರು ಭಾಳ ಛಲೋ ಬಿದ್ರು ಎಂದೂ ಅಂದಳು. ಅಕ್ಕೋರ ಮುಖ ಗರಸಿನ ಮೇಲಿತ್ತು. ಅವರು ಕೈ ಊರಲು ನೋಡುತ್ತಿದ್ದರು, ಕೈ ಮಡಿಚಿಕೊಳ್ಳುತ್ತಿತ್ತು. ನಮ್ಮಲ್ಲಿ ಯಾರೂ ಹೋಗಲಿಲ್ಲ. ಪಾಠದ ನಡುವೆ ಸಾಲು ಬಿಡಬಾರದು ಎನ್ನುವುದೂ ಅವರೇ ಕಲಿಸಿದ ಶಿಸ್ತು. ಕೊನೆಗೆ ಅವರೇ ಮುಖ ಹೊರಳಿಸಿ, "ಯಾರರ ಬರ್ರೆ" ಎಂದರು. ಅವರ ಬಾಯಿಂದ ಅಂಥ ಮೆತ್ತಗಿನ ದನಿಯನ್ನು ನಾವು ಕೇಳಿರಲಿಲ್ಲ.

ದವಾಖಾನೆಯ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ನರದ ಬೇನೆ ಎಂದರಂತೆ. ಔಷಧ ಏನು ಎಂದರೆ ವಿಶ್ರಾಂತಿ ಎಂದರಂತೆ. ವೈದ್ಯರೊಬ್ಬರು ವಾತ ಎಂದು ಎಣ್ಣೆ ಕೊಟ್ಟರು. ಜುಲೇಖಾಳ ತಂದೆ ತನಗೆ ಗೊತ್ತಿದ್ದ ಹಕೀಮರನ್ನು ಕರೆತಂದ. ಎಲ್ಲರೂ ಬಂದರು, ಎಲ್ಲರೂ ನಾಡಿ ಹಿಡಿದರು, ಎಲ್ಲರೂ ಹೋದರು. ಅಕ್ಕೋರು ಸಾಲಿಯ ಹತ್ತಿರವೇ ಒಂದು ಖೋಲಿ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ನಾನು, ಜುಲೇಖಾ ಸಾಲಿ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಿದ್ದೆವು. ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆವು. ಆ ಕಾಲುಗಳ ಬಿಗಿ ನಮಗೆ ಗೊತ್ತಿತ್ತು. ಈಗ ಹಿಂಡಿ ಇಟ್ಟ ಬಟ್ಟೆಯ ಹಾಗೆ ಕೈಗೆ ಬರುತ್ತಿದ್ದವು.

ಕೂತು ಬೇಸತ್ತ ಅಕ್ಕೋರು ಒಂದು ದಿನ, ನನಗ ನಿಲ್ಲೂದು ಕಲಿಸ್ರಿ ಎಂದರು. ಚೇಷ್ಟೆಗೆ ಹೇಳಿದ್ದಲ್ಲ. ತಾವು ನಮಗೆ ಕಲಿಸಿದ್ದನ್ನೆಲ್ಲ ಮೊದಲಿನಿಂದ ನಾವು ಅವರಿಗೆ ಕಲಿಸಬೇಕು. ನಾವು ಇಬ್ಬರೂ ಕಂಕುಳಿಗೆ ಹೆಗಲು ಕೊಟ್ಟು ಎಬ್ಬಿಸಿದೆವು. ಪಾದ ಅಗಲ ಇಡ್ರಿ ಎಂದೆ. ಮೊಣಕಾಲು ಸ್ವಲ್ಪ ಮಡಚ್ರಿ ಎಂದಳು ಜುಲೇಖಾ. ತಲೆ ತಗ್ಗಿತ್ತು, ಮ್ಯಾಲ ನೋಡ್ರಿ ಅಕ್ಕೋರ ಎಂದೆ. ನೋಡಿದರು. ನಿಂತರು! ನಮ್ಮ ಹೆಗಲ ಮೇಲಿನ ಭಾರ ಒಂದು ಕ್ಷಣ ಹಗುರಾಯಿತು. ಜುಲೇಖಾ ಕುಣಿಯುವುದೊಂದು ಬಾಕಿ. ಈಗ ತಿರುಗುತ್ತೇನೆ, ಎಡಗಾಲು ಮೇಟಿ ಎಂದರು. ಬಲಗಾಲು ಎತ್ತಲು ನೋಡಿದರು. ತುಟಿ ಕಚ್ಚಿದರು, ಹಣೆಯ ಮೇಲೆ ಬೆವರು ಬಂತು. ಕಾಲು ನೆಲ ಬಿಡಲಿಲ್ಲ.

"ನೀಲಾ, ಎರಡೂ ಮೇಟಿ ಆಗ್ಯಾವಲ್ಲೇ" ಎಂದು ನಕ್ಕರು. ನಗುನಗುತ್ತಲೇ ನಮ್ಮ ಕೈಯಲ್ಲಿ ಕುಸಿದರು.

ದಿನಾ ಪ್ರಯತ್ನ ಮಾಡಿದೆವು. ದಿನಾ ಸ್ವಲ್ಪ ಕಡಿಮೆಯಾಗುತ್ತಿತ್ತು. ಚೆಂಡನ್ನು ಅಂಗೈಯಲ್ಲಿಟ್ಟು ಬೆರಳು ಮಡಿಸಿ ಕೊಡುತ್ತಿದ್ದೆವು. ನಾವು ಕೈ ಬಿಟ್ಟೊಡನೆ ಅದು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಅಭ್ಯಾಸ ಮಾಡಿದರೆ ಬಾರದ್ದೇ ಇಲ್ಲ ಎಂದು ನಂಬಿಸಿದವರು ಅವರೇ. ಹದಿನಾಲ್ಕು ವರ್ಷದ ನಮಗೆ ಆ ಮಾತು ಸುಳ್ಳಾಗಬಹುದು ಎಂದು ಹೇಗೆ ಗೊತ್ತಾಗಬೇಕು? ಎಣ್ಣೆ ಸಾಲದು, ಇನ್ನೂ ಜೋರಾಗಿ ತಿಕ್ಕಬೇಕು ಎಂದುಕೊಳ್ಳುತ್ತಿದ್ದೆವು.

ಧಾರವಾಡದ ಪಂದ್ಯ ಆಗಲಿಲ್ಲ. ಕರೆದುಕೊಂಡು ಹೋಗುವವರು ಯಾರು? ಅಕ್ಕೋರು ಮಂಚದಿಂದಲೇ ದೊಡ್ಡಕ್ಕೋರನ್ನು ಕರೆಸಿ ಬೇಡಿಕೊಂಡರು. ನಾನು ಅಲ್ಲೇ ಇದ್ದೆ.

"ನೀವ ಒಂದಿನ ಕರಕೊಂಡು ಹೋಗಿ ಬರ್ರಿ. ಹುಡುಗ್ಯಾರು ತಯಾರಾಗ್ಯಾರ್ರಿ. ಸೋತ್ರೂ ಅಡ್ಡಿಯಿಲ್ಲ, ಒಮ್ಮೆ ಆಡ್ಲಿ."

ದೊಡ್ಡಕ್ಕೋರು ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು. "ನಿಮ್ಮನ್ನ ನಂಬಿ ಒಪ್ಪಿದ್ರು ಹಿರಿಯಾರು. ನನ್ನ ನಂಬಿ ಯಾರು ಕಳಸ್ತಾರ? ನನಗ ಆಟದ ಗಂಧ ಇಲ್ಲ. ಹಾದ್ಯಾಗ ಏನರ ಆದ್ರ ಸಾಲೀನ ಮುಚ್ಚಸ್ತಾರ" ಎಂದರು. ಅದೂ ಖರೆಯೇ. ನಾವು ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಕೆಲವು ದಿನಗಳಲ್ಲಿ ಸಾಲಿಯ ಹಿಂದಿನ ಜಾಗವನ್ನು ರೇಷನ್ ಕೊಡಲಿಕ್ಕೆ ತೆಗೆದುಕೊಂಡರು. ಜನ ಆ ಕಂಬಗಳಿಗೆ ಆತುಕೊಂಡು, ಚೀಲ ಹಿಡಿದು ಪಾಳಿ ಹಚ್ಚತೊಡಗಿದರು.

ಸಂಕ್ರಾಂತಿಯ ಮುಂದೆ ಬಾಗಲಕೋಟೆಯಿಂದ ಅಕ್ಕೋರ ಅಣ್ಣ ಬಂದರು. ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆಯ ಮನುಷ್ಯ. ತಂಗಿಯ ಸ್ಥಿತಿ ನೋಡಿ ಹೊಸ್ತಿಲಲ್ಲೇ ಕುಳಿತುಬಿಟ್ಟರು. ಮರುದಿನ ಅಕ್ಕೋರನ್ನು ಒಂದು ಕುರ್ಚಿಯಲ್ಲಿ ಕೂಡಿಸಿ, ಸೀರೆಯಿಂದ ನಡುವಿಗೆ ಕಟ್ಟಿ, ಅಣ್ಣ ಮತ್ತು ಹಮಾಲ ಇಬ್ಬರೂ ಹೊತ್ತು ರೈಲು ಹತ್ತಿಸಿದರು. ಸ್ಟೇಷನ್ನಿನಲ್ಲಿ ಜನ ನಿಂತು ನೋಡಿದರು. ಅಕ್ಕೋರು ಯಾರ ಕಡೆಗೂ ನೋಡದೆ, ಗದ್ದ ಎತ್ತಿ, ಮುಂದೆ ನೋಡುತ್ತ ಕುಳಿತಿದ್ದರು. ಜುಲೇಖಾ ಕಿಟಕಿಯೊಳಗೆ ಚೆಂಡು ನೀಡಿದಳು.

"ಬ್ಯಾಡ. ಆಡೋರ ಕಡೆ ಇರ್ಲಿ ಅದು" ಎಂದರು. ನಾವು ಅಳುವುದನ್ನು ಕಂಡು, "ಬರ್ರೇ ಒಮ್ಮೆ, ಬಾಗಲಕೋಟೀಗೆ. ನಿಮ್ಮ ಅಪ್ಪಗೊಳಿಗೆ ಹೇಳ್ರಿ" ಎಂದರು.

ಬಾಗಲಕೋಟೆ ರೈಲಿನಲ್ಲಿ ಒಂದು ದಿನದೊಳಗಿನ ಹಾದಿ. ನಮ್ಮಂಥ ಹುಡುಗಿಯರಿಗೆ ಅದು ಕಾಶಿಯಷ್ಟು ದೂರ. ಯುಗಾದಿಗೆ ಹೋಗೋಣ ಎಂದ ಅಪ್ಪ, ವ್ಯಾಪಾರದ ಗಡಿಬಿಡಿಯಲ್ಲಿ ಬೇಸಿಗೆಗೆ ಹೋಗೋಣ ಎಂದರು. ಬೇಸಿಗೆಯೂ ಕಳೆಯಿತು. ಮಳೆಗಾಲದಲ್ಲಿ ಸಾಲಿ ಶುರುವಾದ ಮೇಲೆ ಒಂದು ದಿನ ದೊಡ್ಡಕ್ಕೋರು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಬಾಗಲಕೋಟೆಯ ಕಡೆಯಿಂದ ಬಂದವರೊಬ್ಬರು ಹೇಳಿದರು, ಡ್ರಿಲ್ ಅಕ್ಕೋರು ತೀರಿಕೊಂಡರಂತೆ ಎಂದರು. ಬೆನ್ನು ನೆಟ್ಟಗೆ ಮಾಡಿ ನಿಂತೆವು. ಅಂದು ಸಾಲಿ ಬಿಟ್ಟರು. ನಾನು, ಜುಲೇಖಾ ಸೈಕಲ್ ಅಂಗಡಿಯ ಹಿಂದೆ ಕೂತು ಕಣ್ಣೀರು ಮುಗಿಯುವ ತನಕ ಅತ್ತೆವು. ಆ ವರ್ಷವೇ ಅವಳ ನಿಕಾಹ್ ಆಯಿತು, ಸೊಲ್ಲಾಪುರಕ್ಕೆ ಹೋದಳು. ಮರುವರ್ಷ ನನ್ನ ಮದುವೆ.

ಇಪ್ಪತ್ತು ವರ್ಷದ ಮೇಲೆ, ಮೈದುನನ ಮಗಳ ಮದುವೆಗೆಂದು ಬಾಗಲಕೋಟೆಗೆ ಹೋಗಿದ್ದೆ. ಮದುವೆಯ ಮರುದಿನ ಮನಸ್ಸು ತಡೆಯಲಿಲ್ಲ. ಅಕ್ಕೋರ ಅಣ್ಣನ ಅಡತಿ ಅಂಗಡಿಯ ಗುರುತು ಹೇಳಿ ಕೇಳುತ್ತ ಹೋದೆ. ಅಕ್ಕೋರು ಕೊನೆಯುಸಿರು ಬಿಟ್ಟ ಮನೆಯನ್ನಾದರೂ ನೋಡಿ ಬರೋಣ ಎನಿಸಿತ್ತು. ಹೊಳೆಯ ಕಡೆಗಿನ ಓಣಿಯಲ್ಲಿ ಮನೆ ಸಿಕ್ಕಿತು. ಅಣ್ಣ ಮನೆಯಲ್ಲಿ ಇರಲಿಲ್ಲ. ಅವರ ಹೆಂಡತಿ, ಕೂದಲು ನೆರೆತ ಸಮಾಧಾನದ ಹೆಂಗಸು, ಚಾಪೆ ಹಾಸಿದರು. ನಾನು ಹುಬ್ಬಳ್ಳಿಯವಳು, ನಿಮ್ಮ ನಾದಿನಿಯ ವಿದ್ಯಾರ್ಥಿನಿ ಎಂದೆ. ಅವರು ಒಮ್ಮೆಲೇ ನನ್ನ ಕೈ ಹಿಡಿದುಕೊಂಡರು.

"ಒಂದು ವರ್ಷ ಮೊದಲ ಬರಬಾರದಿತ್ತೇನವ್ವಾ! ಹ್ವಾದ ಶ್ರಾವಣದಾಗ ಹೋದ್ರು."

ನನಗೆ ತಿಳಿಯಲಿಲ್ಲ. ಯಾರು ಎಂದೆ.

"ಮತ್ಯಾರು, ನಮ್ಮ ನಾದಿನಿ. ನಿಮ್ಮ ಅಕ್ಕೋರು."

ಅಕ್ಕೋರನ್ನು ಕರೆತಂದ ವರ್ಷ ತೀರಿಕೊಂಡವರು ಅವರ ತಾಯಿಯಂತೆ. ಆ ಮನೆಯಲ್ಲಿ ಸಾವಾಯಿತು ಎಂಬ ಸುದ್ದಿ ಬಾಯಿಂದ ಬಾಯಿಗೆ ಹುಬ್ಬಳ್ಳಿಗೆ ಬರುವಷ್ಟರಲ್ಲಿ ತಾಯಿಯ ಸಾವು ಮಗಳ ಸಾವಾಗಿ ಬದಲಾಗಿತ್ತು. ಬೇನೆ ಸೊಂಟದ ತನಕ ಏರಿ, ಕೈ ತಿಂದು, ಅಲ್ಲಿಗೆ ನಿಂತುಬಿಟ್ಟಿತಂತೆ. ಇನ್ನು ಹೋಗುತ್ತಾರೆ, ಇನ್ನು ಹೋಗುತ್ತಾರೆ ಎಂದು ಮನೆಯವರು ಅಂದುಕೊಂಡ ಹಾಗೆಯೇ ವರ್ಷಗಳು ಕಳೆದವಂತೆ. ಅದೇ ಪಡಸಾಲೆಯ ಮೂಲೆಯಲ್ಲಿ, ಬಾಗಿಲಿನ ಎದುರಿಗೆ ಮಂಚ.

"ಮೊದಮೊದಲ ಟಾಂಗಾ ನಿಂತ ಸಪ್ಪಳಾದ್ರ ಸಾಕು, ವಯ್ನಿ ನೋಡ್ರಿ, ನಮ್ಮ ಹುಡುಗ್ಯಾರು ಬಂದಿರಬೇಕು ಅಂತಿದ್ರು. ನಾನು ಹೊರಗ ಹೋಗಿ ನೋಡಿ ಬರ್ತಿದ್ದೆ. ಆಮ್ಯಾಲೆ ಆಮ್ಯಾಲೆ ಅನ್ನೂದು ಬಿಟ್ರು." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ನಿಮಗೂ ಸಂಸಾರ ಮಕ್ಕಳು ಮರಿ, ಹೆಂಗ ಬರಬೇಕು ಹೌದಲ್ಲೋ?"

ಅವರು ಸತ್ತರೆಂದು ನಾವು ಎಂದೋ ಅತ್ತು ಮುಗಿಸಿದ್ದೇವೆ ಎಂದು ಆ ಮನೆಯಲ್ಲಿ ಕುಳಿತು ಹೇಗೆ ಹೇಳುವುದು? ಹೌದ್ರಿ ಎಂದೆ. ಕೊಟ್ಟ ಚಹಾ ಕುಡಿದೆ. ಮೂಲೆ ಖಾಲಿ ಇತ್ತು. ಮಂಚ ತೆಗೆದುಹಾಕಿದ್ದರು, ಅದರ ಕಾಲು ಊರಿದ್ದ ಕಡೆ ನೆಲದಲ್ಲಿ ಸಣ್ಣ ತಗ್ಗುಗಳು ಬಿದ್ದಿದ್ದವು...

ಅದಾಗಿ ಎಷ್ಟೋ ವರ್ಷದ ಮೇಲೆ ಜುಲೇಖಾ ಒಮ್ಮೆ ಹುಬ್ಬಳ್ಳಿಗೆ ಬಂದಳು, ತಮ್ಮನ ಮಗನ ಮದುವೆಗೆ. ನಮ್ಮ ಮನೆಗೂ ಬಂದಳು. ಮೈ ಬಂದಿತ್ತು, ಹಲ್ಲು ಹೋಗಿದ್ದವು, ನಗು ಮಾತ್ರ ಅದೇ. ಮಾತಿಗೆ ಮಾತು ಬಂದು ಅಕ್ಕೋರ ಸುದ್ದಿಗೆ ಬಂದೆವು. ಹೇಳಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ಒಂದು ಛಲೋ ಆತು ನೋಡ ನೀಲಾ. ಅಲ್ಲಾ ಅವರನ್ನ ಲಗೂ ಕರಕೊಂಡ. ಅಂಥವರು ಹಾಸಿಗಿ ಹಿಡದು ವರ್ಷಗಟ್ಟಲೆ ಬೀಳಬೇಕಾಗಿತ್ತಂದ್ರ... ನೆನಸ್ಕೊಳ್ಳಾಕೂ ಆಗೂದಿಲ್ಲ."

"ಹೌದು" ಎಂದೆ.

ಈಗ ಜುಲೇಖಾಳೂ ಇಲ್ಲ. ಬಾಗಲಕೋಟೆಯ ಆ ಓಣಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತೆಂದು ಕೇಳಿದ್ದೇನೆ. ಅಕ್ಕೋರು ಅಷ್ಟು ವರ್ಷ ಬದುಕಿದ್ದರು ಎನ್ನುವುದು ಅವರ ಹುಡುಗಿಯರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಇದನ್ನು ಇನ್ನು ಯಾರಿಗೆ ಹೇಳಿ ಏನಾಗಬೇಕು, ಗೊತ್ತಿಲ್ಲ. ಆದರೂ ಮಧ್ಯಾಹ್ನದ ಹೊತ್ತು ಮನೆಯ ಮುಂದೆ ಗಾಡಿ ಬಂದು ನಿಂತ ಸಪ್ಪಳ ಕೇಳಿದರೆ ನನಗೆ ಏಳಬೇಕೆನಿಸುತ್ತದೆ. ಸೊಸೆ, ಕೂಡ್ರಿ ಅತ್ತಿ, ಬಾಜೂ ಮನಿಗೆ ಬಂದಾರ ಎನ್ನುತ್ತಾಳೆ.